ತಂಗಳು ಸರಿ, ಹಳಸಿದ್ದು ಬೇಡ: ಸಿಐ ಬಿಲ್ಡ್‌ಗೆ ಯಾವ ಕ್ಯಾಶ್?

ಮಂಡ್ಯದಿಂದ ಮೈಸೂರಿಗೆ ದಿನಾ ರೈಲಿನಲ್ಲಿ ಓಡಾಡುವ ನನಗೆ ಒಂದು ಚಟ ಇದೆ. ಪಾಂಡವಪುರ ದಾಟಿ ಶ್ರೀರಂಗಪಟ್ಟಣದ ಸೇತುವೆ ಬರುವಷ್ಟರಲ್ಲಿ ಫೋನ್ ತೆಗೆದು ರಾತ್ರಿಯ ಬಿಲ್ಡ್ ಏನಾಯಿತು ಅಂತ ನೋಡುತ್ತೇನೆ. ಬಿಲ್ಡ್ ಅಂದರೆ ಬರೆದ ಕೋಡನ್ನು ಓಡುವ ಪ್ರೋಗ್ರಾಂ ಮಾಡುವ ಕೆಲಸ, ಅದನ್ನು ತಾನಾಗಿ ಮಾಡುವ ವ್ಯವಸ್ಥೆಯೇ ಸಿಐ. ಒಂದು ಸೋಮವಾರ ನೋಡಿದರೆ ಗ್ರಾಹಕರಿಗೆ ಹೋಗುವ ರಿಲೀಸ್ ಬಿಲ್ಡ್ ಕೆಂಪಗಿತ್ತು, ಅಂದರೆ ಫೇಲ್. ಅದು ಓಡುವುದು ವಾರಕ್ಕೊಮ್ಮೆ, ಭಾನುವಾರ ರಾತ್ರಿ. ಆ ವಾರ ನಮ್ಮ ಕೋಡಿನಲ್ಲಿ ದೊಡ್ಡ ಬದಲಾವಣೆ ಏನೂ ಇರಲಿಲ್ಲ. ಶನಿವಾರ ಒಬ್ಬರು ಲೈಬ್ರರಿ ಪಟ್ಟಿಯಲ್ಲಿ ಒಂದು ವರ್ಷನ್ ನಂಬರ್ ಬದಲಿಸಿದ್ದರು, ಅಷ್ಟೇ. ಆದರೂ ತುಂಡುಗಳನ್ನು ಜೋಡಿಸಿ ಪ್ರೋಗ್ರಾಂ ಮಾಡುವ ಲಿಂಕರ್ ಬಾಯಿ ಬಡಿದುಕೊಳ್ಳುತ್ತಿತ್ತು. ಐಸೊಸಿ23 ಸ್ಟ್ರ್‌ಟೋಲ್ ಅನ್ನುವ ಫಂಕ್ಷನ್ ಎಲ್ಲಿ, ಎಲ್ಲಿ ಅಂತ.

ಆ ಹೆಸರಿನ ಫಂಕ್ಷನ್ ನಮ್ಮ ಕೋಡಿನಲ್ಲಿ ಎಲ್ಲೂ ಇಲ್ಲ. ಹೆಬ್ಬಾಳ ಕೈಗಾರಿಕಾ ಪ್ರದೇಶದ ನಮ್ಮ ಪುಟ್ಟ ಆಫೀಸಿನಲ್ಲಿ ಕೂತು ಅರ್ಧ ದಿನ ಹುಡುಕಿದ ಮೇಲೆ ಗೊತ್ತಾಯಿತು. ಸಿ ಭಾಷೆಯ ಮೂಲ ಲೈಬ್ರರಿ ಗ್ಲಿಬ್‌ಸಿ ಇದೆಯಲ್ಲ, ಅದರ 2.38ನೇ ವರ್ಷನ್‌ನಿಂದ ಹೆಡರ್‌ಗಳು (ಯಾವ ಫಂಕ್ಷನ್ ಇದೆ ಅಂತ ಹೇಳುವ ಫೈಲ್‌ಗಳು) ಹಳೆಯ ಸ್ಟ್ರ್‌ಟೋಲ್ ಅನ್ನು ಈ ಹೊಸ ಹೆಸರಿಗೆ ತಿರುಗಿಸುತ್ತವೆ. ನಾವು ಬಳಸುವ ಲಿನಕ್ಸ್ ಉಬುಂಟು, ಅದರ 24.04ರಲ್ಲಿ ಇರುವುದು ಗ್ಲಿಬ್‌ಸಿ 2.39. ಉಬುಂಟು 22.04ರಲ್ಲಿ 2.35. ಸಿಐಗೆ ಒಪ್ಪಿಸಿದ ಒಂದೊಂದು ಕೆಲಸಕ್ಕೆ ಜಾಬ್ ಅಂತಾರೆ. ನಾವು ಟೆಸ್ಟ್ ಜಾಬ್ ಅನ್ನು 24.04ಕ್ಕೆ ಏರಿಸಿದ್ದೆವು, ರಿಲೀಸ್ ಜಾಬ್ ಮಾತ್ರ 22.04ರಲ್ಲೇ ಇತ್ತು. ಎರಡೂ ಜಾಬ್‌ಗಳು ಹೊರಗಿನ ಲೈಬ್ರರಿಗಳನ್ನು ಒಮ್ಮೆ ಕಂಪೈಲ್ ಮಾಡಿ (ಮೆಷಿನ್ ಭಾಷೆಗೆ ತಿರುಗಿಸಿ) ಕ್ಯಾಶ್‌ನಲ್ಲಿ, ಅಂದರೆ ಮುಂದಿನ ಸಲಕ್ಕೆ ಎತ್ತಿಡುವ ಡಬ್ಬದಲ್ಲಿ, ಇಡುತ್ತಿದ್ದವು. ಆ ಕ್ಯಾಶ್ ಹುಡುಕುವ ಹೆಸರು, ಅಂದರೆ ಕೀ ಏನು? "ಲಿನಕ್ಸ್", ಅದರ ಮುಂದೆ ಲೈಬ್ರರಿ ಪಟ್ಟಿಯ ಹ್ಯಾಶ್, ಅಂದರೆ ಪಟ್ಟಿ ಬದಲಾದರೆ ತಾನೂ ಬದಲಾಗುವ ಒಂದು ಗುರುತು. ಎರಡು ಜಾಬ್‌ಗೂ ಒಂದೇ ಕೀ!

ಹಾಗಾದರೆ ಅಷ್ಟು ದಿನ ಹೇಗೆ ನಡೆಯಿತು? ಹಳೆಯ ಕ್ಯಾಶ್ 22.04ರಲ್ಲಿ ತಯಾರಾಗಿದ್ದು. ಹಳೆಯ ಗ್ಲಿಬ್‌ಸಿಯಲ್ಲಿ ಮಾಡಿದ ಆಬ್ಜೆಕ್ಟ್ (ಕಂಪೈಲ್ ಆದ ಫೈಲ್) ಹೊಸದರಲ್ಲಿ ಸಾಮಾನ್ಯವಾಗಿ ತಕರಾರಿಲ್ಲದೆ ಲಿಂಕ್ ಆಗುತ್ತದೆ. ಶನಿವಾರ ಪಟ್ಟಿ ಬದಲಾಯಿತು, ಕೀ ಬದಲಾಯಿತು. ಈ ಸಲ ಮೊದಲು ಓಡಿದ್ದು 24.04ರ ಟೆಸ್ಟ್ ಜಾಬ್. ಅದು ತಾನು ಮಾಡಿದ್ದನ್ನು ಇಟ್ಟು ಹೋಯಿತು. ಭಾನುವಾರ ರಾತ್ರಿ 22.04 ಬಂದು ಡಬ್ಬ ತೆರೆಯಿತು. ಹೊಸದರಲ್ಲಿ ಮಾಡಿದ್ದು ಹಳೆಯದರಲ್ಲಿ ಲಿಂಕ್ ಆಗುವುದಿಲ್ಲ.

ಕ್ಯಾಶ್ ಹಳಸಿದೆ ಅಂತ ನಾನು ಜೋರಾಗಿ ಹೇಳಿದ್ದನ್ನು ಕೇಳಿ ಪಕ್ಕದ ಟೇಬಲ್ಲಿನ ಅಕೌಂಟೆಂಟ್ ತಲೆ ಎತ್ತಿ ನೋಡಿದರು. ಅವರ ಕ್ಯಾಶ್ ಬೇರೆ, ಹಳಸುವುದಿಲ್ಲ.

ಆದರೆ ಹಳಸುವುದು ಅನ್ನುವ ಮಾತು ಇಲ್ಲಿ ಸರಿಯಾಗಿ ಕೂರುತ್ತದೆ. ನಮ್ಮಲ್ಲಿ ತಂಗಳು ಬೇರೆ, ಹಳಸಿದ್ದು ಬೇರೆ. ನಿನ್ನೆಯ ಬಸ್ಸಾರು ಇವತ್ತು ಬಿಸಿ ಮಾಡಿದರೆ ರುಚಿ ಜಾಸ್ತಿ. ನಿನ್ನೆಯ ಚಿತ್ರಾನ್ನ ಬೇಸಿಗೆಯಲ್ಲಿ ಮಧ್ಯಾಹ್ನಕ್ಕೇ ಹೋಗಿರುತ್ತದೆ. ಕ್ಯಾಶ್‌ನಲ್ಲಿ ಇರುವುದೆಲ್ಲ ತಂಗಳೇ. ಅದರಲ್ಲಿ ತಪ್ಪಿಲ್ಲ. ಯಾವುದು ಹಳಸಿದೆ ಅಂತ ತೀರ್ಮಾನ ಮಾಡುವವರು ಯಾರು, ಹೇಗೆ ಅನ್ನುವುದೇ ಪ್ರಶ್ನೆ. ಕೆಲವು ಟೂಲ್‌ಗಳು ಡಬ್ಬದ ಮೇಲೆ ನಾವು ಅಂಟಿಸಿದ ಚೀಟಿಯನ್ನು ನಂಬುತ್ತವೆ. ಕೆಲವು ಎಷ್ಟು ಹೊತ್ತಿಗೆ ಮಾಡಿದ್ದು ಅಂತ ಗಡಿಯಾರ ನೋಡುತ್ತವೆ. ಕೆಲವು ಮಾತ್ರ ಮುಚ್ಚಳ ತೆಗೆದು ಮೂಸಿ ನೋಡುತ್ತವೆ. ಕ್ಯಾಶ್ ಆರಿಸುವಾಗ ವೇಗ, ಬೆಲೆ ಎಲ್ಲ ಆಮೇಲೆ. ಮೊದಲು ಇದನ್ನು ಕೇಳಿ.

ಬಿಲ್ಡ್ ಫೋಲ್ಡರ್ ಪೂರ್ತಿ ಕಟ್ಟಿಡುವುದು: ಚೀಟಿಯ ನಂಬಿಕೆ

ಎಲ್ಲರೂ ಮೊದಲು ಮಾಡುವುದು ಇದನ್ನೇ, ಯಾಕೆಂದರೆ ಸುಲಭ. ಬಿಲ್ಡ್ ಫೋಲ್ಡರ್ ಅನ್ನು ಹಾಗೇ ಗಂಟು ಕಟ್ಟಿ ಸಿಐನ ಕ್ಯಾಶ್‌ಗೆ ಹಾಕುವುದು, ಮುಂದಿನ ಸಲ ಬಿಚ್ಚುವುದು. ನಾಲ್ಕೈದು ಸಾಲಿನ ಕೆಲಸ. ನಾವು ಬಿದ್ದ ಹಳ್ಳವೂ ಇದೇ.

ಇಲ್ಲಿ ಸಿಐಗೆ ಒಳಗೆ ಏನಿದೆ ಅಂತ ಗೊತ್ತಿಲ್ಲ. ನೀವು ಬರೆದ ಕೀ ಹೊಂದಿದರೆ ಕೊಡುತ್ತದೆ, ಇಲ್ಲದಿದ್ದರೆ ಇಲ್ಲ. ಗಿಟ್‌ಹಬ್‌ನ ಸಿಐ ಆದ ಆಕ್ಷನ್ಸ್‌ನಲ್ಲಿ ಜನ ಕೀಗೆ ರನ್ನರ್‌ನ (ಬಿಲ್ಡ್ ಓಡಿಸುವ ಮೆಷಿನ್ನಿನ) ಓಎಸ್ ಹೆಸರು ಸೇರಿಸುತ್ತಾರೆ. ಅದು ಹೇಳುವುದು ಬರೀ ಲಿನಕ್ಸ್ ಅಂತ. 22.04, 24.04 ಎರಡಕ್ಕೂ ಒಂದೇ ಉತ್ತರ. ಇನ್ನು ಲೇಟೆಸ್ಟ್ ಅನ್ನುವ ಹೆಸರಿನ ರನ್ನರ್ ಬಳಸಿದರೆ ಅದರ ಅರ್ಥ ಕಾಲಕ್ಕೆ ತಕ್ಕಂತೆ ಬದಲಾಗುತ್ತಿರುತ್ತದೆ. 2025ರ ಜನವರಿ ಹೊತ್ತಿಗೆ ಅದು 22.04ರಿಂದ 24.04ಕ್ಕೆ ಪೂರ್ತಿ ದಾಟಿತು. ಕಂಪೈಲರ್ ಆದ ಜಿಸಿಸಿ 11 ಇದ್ದ ಜಾಗದಲ್ಲಿ ಜಿಸಿಸಿ 13 ಬಂತು. ಕೀಯಲ್ಲಿ ಇದರ ಸುಳಿವೇ ಇಲ್ಲದಿದ್ದರೆ ಕ್ಯಾಶ್‌ಗೆ ಹೇಗೆ ಗೊತ್ತಾಗಬೇಕು, ಅಲ್ವಾ?

ರಿಸ್ಟೋರ್ ಕೀಗಳದ್ದು ಇನ್ನೊಂದು ಕಥೆ. ಪೂರ್ತಿ ಕೀ ಸಿಗದಿದ್ದರೆ ಮೊದಲ ಭಾಗ ಹೊಂದುವ ಹಳೆಯ ಕ್ಯಾಶ್ ಅನ್ನೇ ಕೊಡು ಅಂತ ಹೇಳುವ ವ್ಯವಸ್ಥೆ ಅದು. ಡೌನ್‌ಲೋಡ್ ಮಾಡಿದ ಪ್ಯಾಕೇಜ್‌ಗಳಿಗೆ ಇದು ಚೆನ್ನ. ಕಂಪೈಲ್ ಆದ ಫೈಲ್‌ಗಳಿಗೆ ಇದನ್ನು ಬಳಸಿದರೆ, ಮಜ್ಜಿಗೆ ಇಲ್ಲದಿದ್ದರೆ ಬೆಳ್ಳಗಿರುವುದು ಏನಾದರೂ ಕೊಡಿ ಅಂದ ಹಾಗೆ.

ಇನ್ನೊಂದು ಕಡಿಮೆ ಜನಕ್ಕೆ ಗೊತ್ತಿರುವ ವಿಷಯ. ಗಿಟ್‌ಹಬ್‌ನಲ್ಲಿ ಒಂದು ಕೀಗೆ ಒಮ್ಮೆ ಉಳಿಸಿದ ಕ್ಯಾಶ್ ಅನ್ನು ಮೇಲೆ ಬರೆಯಲು ಆಗುವುದಿಲ್ಲ. ಕೆಟ್ಟದ್ದು ಒಳಗೆ ಹೋದರೆ, ಅದೇ ಕೀಗೆ ಮತ್ತೆ ಮತ್ತೆ ಕೆಟ್ಟದ್ದೇ ಬರುತ್ತದೆ. ಹೋಗಲಿ, 7 ದಿನ ಯಾರೂ ಮುಟ್ಟದಿದ್ದರೆ ಅಳಿಸುತ್ತದಲ್ಲ ಅಂದುಕೊಳ್ಳಬೇಡಿ. ದಿನಾ ಫೇಲ್ ಆಗುವ ಬಿಲ್ಡ್ ದಿನಾ ಅದನ್ನು ಮುಟ್ಟುತ್ತಲೇ ಇರುತ್ತದೆ. ನೀವೇ ಅಳಿಸಬೇಕು, ಇಲ್ಲವೇ ಕೀ ಬದಲಿಸಬೇಕು. ಅದಕ್ಕೇ ಅನುಭವ ಇದ್ದವರು ಕೀಯ ಮೊದಲಲ್ಲಿ ವಿ1, ವಿ2 ಅಂತ ಒಂದು ನಂಬರ್ ಇಟ್ಟುಕೊಂಡಿರುತ್ತಾರೆ. ಗಿಟ್‌ಲ್ಯಾಬ್‌ನಲ್ಲಿ ರನ್ನರ್ ಕ್ಯಾಶ್ ತೆಗೆಯುವ ಬಟನ್ ಒತ್ತಿದರೂ ಒಳಗೆ ಆಗುವುದು ಇದೇ. ಕ್ಯಾಶ್ ಹೆಸರಿನ ಕೊನೆಯ ನಂಬರ್ ಒಂದು ಏರುತ್ತದೆ.

ಇಷ್ಟಾದ ಮೇಲೆ ಫೈಲ್‌ಗಳ ಟೈಮ್‌ಸ್ಟಾಂಪ್ ತಲೆನೋವು. ಯಾವ ಫೈಲ್ ಮತ್ತೆ ಕಂಪೈಲ್ ಮಾಡಬೇಕು ಅಂತ ತೀರ್ಮಾನಿಸುವ ಟೂಲ್‌ಗಳಾದ ನಿಂಜಾ, ಮೇಕ್ ಎರಡೂ ಗಡಿಯಾರ ನೋಡುವ ಜಾತಿ. ಸೋರ್ಸ್ ಫೈಲ್ ಹೊಸದಾ, ಆಬ್ಜೆಕ್ಟ್ ಹೊಸದಾ ಅಂತ ಸಮಯ ಹೋಲಿಸುತ್ತವೆ. ಗಿಟ್ ಫೈಲ್‌ಗಳ ಹಳೆಯ ಸಮಯ ಉಳಿಸುವುದಿಲ್ಲ. ಚೆಕ್‌ಔಟ್ ಮಾಡಿದ ಕ್ಷಣವೇ ಎಲ್ಲ ಸೋರ್ಸ್ ಫೈಲ್‌ಗಳ ಸಮಯ. ಹಾಗಾಗಿ ಕ್ಯಾಶ್‌ನಿಂದ ಬಿಚ್ಚಿದ ಆಬ್ಜೆಕ್ಟ್‌ಗಳು ಹಳೆಯವಾಗಿ ಕಾಣುತ್ತವೆ, ನಿಂಜಾ ಎಲ್ಲವನ್ನೂ ಮತ್ತೆ ಕಂಪೈಲ್ ಮಾಡುತ್ತದೆ. ತಪ್ಪಿಲ್ಲ, ಆದರೆ ಕ್ಯಾಶ್ ಇಟ್ಟಿದ್ದು ದಂಡ. ಇದನ್ನು ನೋಡಿ ಯಾರೋ ಜಾಣರು ಸೋರ್ಸ್ ಫೈಲ್‌ಗಳಿಗೆ ಕಮಿಟ್ ಆದ ಸಮಯವನ್ನು ಹಿಂದಕ್ಕೆ ಹಾಕುವ ಸ್ಕ್ರಿಪ್ಟ್ ಸೇರಿಸುತ್ತಾರೆ. ಈಗ ವೇಗ ಬಂತು. ಜೊತೆಗೆ ಅಪಾಯವೂ ಬಂತು. ಹೋದ ವಾರ ಒಂದು ಬ್ರಾಂಚ್‌ನಲ್ಲಿ ಕಮಿಟ್ ಆದ ಬದಲಾವಣೆ, ನಿನ್ನೆ ಬೇರೆ ಬ್ರಾಂಚ್‌ನಲ್ಲಿ ತಯಾರಾದ ಆಬ್ಜೆಕ್ಟ್. ಆಬ್ಜೆಕ್ಟ್ ಹೊಸದು ಅಂತ ನಿಂಜಾ ಸುಮ್ನೆ ಕೂರುತ್ತದೆ. ಬದಲಾವಣೆ ಬಿಲ್ಡ್‌ಗೆ ಸೇರುವುದೇ ಇಲ್ಲ. ಲಿಂಕ್ ಫೇಲ್ ಆದರೆ ನಿಮ್ಮ ಪುಣ್ಯ. ಫೇಲ್ ಆಗದೆ ಗ್ರಾಹಕರ ಮನೆಗೆ ಹೋದರೆ ಕಷ್ಟ.

ನಿಂಜಾ, ಮೇಕ್‌ಗೆ ಬೇಕಾದ ಫೈಲ್‌ಗಳನ್ನು ತಯಾರಿಸಿಕೊಡುವ ಸಿಮೇಕ್ ಬಳಸುವವರಿಗೆ ಒಂದು ಮಾತು. ಕಂಪೈಲರ್ ಎಲ್ಲಿದೆ, ಅದಕ್ಕೆ ಏನೇನು ಬರುತ್ತದೆ ಅನ್ನುವ ತಪಾಸಣೆಯನ್ನು ಸಿಮೇಕ್ ಒಮ್ಮೆ ಮಾಡಿ ಬಿಲ್ಡ್ ಫೋಲ್ಡರ್‌ನಲ್ಲೇ ಬರೆದಿಡುತ್ತದೆ. ಫೋಲ್ಡರ್ ಹಳೆಯದಾದರೆ ಆ ಉತ್ತರಗಳೂ ಹಳೆಯವೇ. ಬೇರೆ ಜಾಗದಲ್ಲಿ ಬಿಚ್ಚಿದರೆ ಈ ಫೋಲ್ಡರ್ ಬೇರೆ ಕಡೆ ಹುಟ್ಟಿದ್ದು ಅಂತ ನೇರವಾಗಿ ನಿಂತುಬಿಡುತ್ತದೆ, ಅದಾದರೂ ವಾಸಿ. ಸಿಮೇಕ್ 3.24ರಿಂದ ಫ್ರೆಶ್ ಅನ್ನುವ ಆಯ್ಕೆ ಬಂದಿದೆ. ಹಳೆಯ ಉತ್ತರ ಬಿಟ್ಟು ಹೊಸದಾಗಿ ತಪಾಸಣೆ ಮಾಡಿಸುತ್ತದೆ.

ನನ್ನ ಅಭಿಪ್ರಾಯ ಕೇಳಿದರೆ, ನಿಮ್ಮ ಸ್ವಂತ ಕೋಡಿನ ಬಿಲ್ಡ್ ಫೋಲ್ಡರ್ ಅನ್ನು ಹೀಗೆ ಕಟ್ಟಿಡಲೇಬೇಡಿ. ಅಪರೂಪಕ್ಕೆ ಬದಲಾಗುವ ಹೊರಗಿನ ಲೈಬ್ರರಿಗಳಿಗೆ ಇದು ನಡೆಯುತ್ತದೆ, ಆದರೆ ಕೀಯಲ್ಲಿ ಕಂಪೈಲರ್‌ನ ಗುರುತು ಇರಲೇಬೇಕು.

ಸಿಕ್ಯಾಶ್: ಮೂಸಿ ನೋಡುವವನು

ಸಿ, ಸಿ++ ಕೆಲಸಕ್ಕೆ ನಾನು ಮೊದಲು ಕೈ ಹಾಕುವುದು ಇದಕ್ಕೆ. 2002ರಲ್ಲಿ ಆಂಡ್ರ್ಯೂ ಟ್ರಿಜೆಲ್ ಬರೆದದ್ದು. ಸಾಂಬಾ, ಆರ್‌ಸಿಂಕ್ ಎರಡರ ಹಿಂದೆಯೂ ಇರುವ ಅದೇ ಮನುಷ್ಯ. ಇಪ್ಪತ್ತು ವರ್ಷದ ಮೇಲಾಯಿತು, ಇನ್ನೂ ಗಟ್ಟಿಯಾಗಿದೆ.

ಇದು ಬಿಲ್ಡ್ ಫೋಲ್ಡರ್ ಅನ್ನು ಉಳಿಸುವುದಿಲ್ಲ. ಕಂಪೈಲರ್‌ನ ಮುಂದೆ ನಿಂತುಕೊಳ್ಳುತ್ತದೆ. ಒಂದೊಂದು ಫೈಲ್ ಬಂದಾಗಲೂ ಸೋರ್ಸ್ ಕೋಡ್, ಅದು ಎಳೆದುಕೊಳ್ಳುವ ಹೆಡರ್‌ಗಳು, ಕಮಾಂಡಿನ ಆಯ್ಕೆಗಳು, ಕಂಪೈಲರ್‌ನ ಗುರುತು ಎಲ್ಲ ಸೇರಿಸಿ ಹ್ಯಾಶ್ ಮಾಡುತ್ತದೆ. ಇದೇ ಹ್ಯಾಶ್ ಮೊದಲು ಕಂಡಿದ್ದರೆ ಹಳೆಯ ಆಬ್ಜೆಕ್ಟ್ ಕೊಡುತ್ತದೆ, ಇಲ್ಲದಿದ್ದರೆ ಕಂಪೈಲರ್ ಅನ್ನು ಕರೆಯುತ್ತದೆ. ಸೋರ್ಸ್ ಫೈಲಿನ ಟೈಮ್‌ಸ್ಟಾಂಪ್ ಹೇಗಿದ್ದರೂ ಚಿಂತೆ ಇಲ್ಲ. ಈ ಕ್ಯಾಶ್ ಅನ್ನು ಸಿಐನಲ್ಲಿ ಉಳಿಸುವಾಗ ರಿಸ್ಟೋರ್ ಕೀ ಧಾರಾಳವಾಗಿ ಬಳಸಬಹುದು. ಹೊಂದದ್ದು ಒಳಗೆ ಸುಮ್ನೆ ಬಿದ್ದಿರುತ್ತದೆ, ಬಿಲ್ಡ್‌ಗೆ ಬರುವುದಿಲ್ಲ. ಫೋಲ್ಡರ್ ಕಟ್ಟಿಡುವುದಕ್ಕೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ. ನಾವು ಬರೆದ ಕೀ ತಪ್ಪಾದರೂ ಬಿಲ್ಡ್ ತಪ್ಪಾಗುವುದಿಲ್ಲ, ನಿಧಾನ ಆಗುತ್ತದೆ ಅಷ್ಟೇ.

ಹಾಗಂತ ಇದು ದೇವರಲ್ಲ. ಮೂರು ಕಡೆ ಇದರ ಮೂಗು ಕಟ್ಟಿರುತ್ತದೆ.

ಮೊದಲನೆಯದು ಕಂಪೈಲರ್‌ನ ಗುರುತು. ಮಾಮೂಲಿಯಾಗಿ ಸಿಕ್ಯಾಶ್ ನೋಡುವುದು ಕಂಪೈಲರ್ ಫೈಲಿನ ಸೈಜ್ ಮತ್ತು ಟೈಮ್‌ಸ್ಟಾಂಪ್ ಮಾತ್ರ. ಎಲ್ಲವನ್ನೂ ಮೂಸುವವನು ಇಲ್ಲಿ ಬಂದು ಗಡಿಯಾರ ನೋಡುತ್ತಾನೆ! ಮಾಮೂಲಿ ಉಬುಂಟುವಿನಲ್ಲಿ ಇದು ಸಾಕು. ಆದರೆ ಕಂಪೈಲರ್ ಅಂತ ನೀವು ಕರೆಯುತ್ತಿರುವುದು ಒಂದು ಪುಟ್ಟ ಶೆಲ್ ಸ್ಕ್ರಿಪ್ಟ್ ಆಗಿದ್ದರೆ? ಮಾಮೂಲಿ ಮೆಷಿನ್ನಿನಲ್ಲಿ ಕೂತು ಬೇರೆ ಬಗೆಯ ಬೋರ್ಡ್‌ಗಳಿಗೆ ಕಂಪೈಲ್ (ಕ್ರಾಸ್ ಕಂಪೈಲ್) ಮಾಡುವ ಕಡೆ ಇದು ಸಾಮಾನ್ಯ. ಹಿಂದಿರುವ ನಿಜವಾದ ಕಂಪೈಲರ್ ಬದಲಾದರೂ ಸ್ಕ್ರಿಪ್ಟ್ ಹಾಗೇ ಇರುತ್ತದೆ. ನಮಗೂ ಒಮ್ಮೆ ಹೀಗಾಯಿತು. ಕಂಪೈಲರ್‌ನ ಒಂದು ಬಗ್ ಸರಿಪಡಿಸಿದ ಹೊಸ ಎಸ್‌ಡಿಕೆ (ಬೋರ್ಡಿಗೆ ಬೇಕಾದ ಟೂಲ್‌ಗಳ ಕಟ್ಟು) ಹಾಕಿದೆವು. ಆದರೂ ಅದೇ ಟೆಸ್ಟ್ ಫೇಲ್. ಹೊಸ ಕಂಪೈಲರ್ ಆ ಫೈಲ್ ಅನ್ನು ಮುಟ್ಟಿಯೇ ಇರಲಿಲ್ಲ. ಜಿಸಿಸಿಯಲ್ಲಿ ಸಹ ನಾವು ಕರೆಯುವ ಜಿಸಿಸಿ ಬರೀ ಮೇಸ್ತ್ರಿ. ಗಾರೆ ಕೆಲಸ ಮಾಡುವುದು ಸಿಸಿ1, ಸಿಸಿ1ಪ್ಲಸ್ ಅನ್ನುವ ಬೇರೆ ಪ್ರೋಗ್ರಾಂಗಳು. ಕಂಪೈಲರ್ ಚೆಕ್ ಅನ್ನುವ ಸೆಟ್ಟಿಂಗ್‌ನಲ್ಲಿ ಟೈಮ್‌ಸ್ಟಾಂಪ್ ಬದಲು ಕಂಟೆಂಟ್ ಅಂತ ಹಾಕಿದರೆ ಫೈಲಿನ ಒಳಗನ್ನೇ ಹ್ಯಾಶ್ ಮಾಡುತ್ತದೆ. ಸ್ಕ್ರಿಪ್ಟ್ ಹಿಂದೆ ಅಡಗಿರುವ ಕಂಪೈಲರ್‌ಗೆ ಅದೂ ಸಾಲದು. ಆಗ ಎಸ್‌ಡಿಕೆಯ ವರ್ಷನ್ ನಂಬರ್ ಅನ್ನು ಸ್ಟ್ರಿಂಗ್ ಆಗಿ ಕೊಡಬಹುದು, ಇಲ್ಲವೇ ಒಂದು ಕಮಾಂಡ್ ಕೊಟ್ಟು ಅದರ ಉತ್ತರವನ್ನೇ ಗುರುತಾಗಿ ಇಡಬಹುದು.

ಎರಡನೆಯದು ಅಪರೂಪ, ಸಿಕ್ಯಾಶ್‌ನ ಮ್ಯಾನ್ಯುಯಲ್‌ನಲ್ಲೇ ಒಪ್ಪಿಕೊಂಡಿದ್ದಾರೆ. ಡೈರೆಕ್ಟ್ ಮೋಡ್‌ನಲ್ಲಿ ಅದು ಹೋದ ಸಲ ಬಳಸಿದ ಹೆಡರ್‌ಗಳು ಬದಲಾಗಿವೆಯಾ ಅಂತ ನೋಡುತ್ತದೆ. ಅದೇ ಹೆಸರಿನ ಹೊಸ ಹೆಡರ್ ಒಂದು, ಹುಡುಕುವ ದಾರಿಯಲ್ಲಿ ಮೊದಲು ಸಿಗುವ ಫೋಲ್ಡರ್‌ನಲ್ಲಿ ಬಂದು ಕೂತರೆ ಅದಕ್ಕೆ ಗೊತ್ತಾಗುವುದಿಲ್ಲ. ಇಲ್ಲದ ಫೈಲ್ ಅನ್ನು ಅದು ಹೋದ ಸಲ ನೋಡಿರಲಿಲ್ಲವಲ್ಲ. ಕೋಡ್ ಜನರೇಟ್ ಮಾಡುವ ಪ್ರಾಜೆಕ್ಟ್‌ಗಳಲ್ಲಿ ಇದು ಕಾಲಿಗೆ ತೊಡರಬಹುದು. ಡೈರೆಕ್ಟ್ ಮೋಡ್ ನಿಲ್ಲಿಸಿದರೆ ಹೆಡರ್‌ಗಳನ್ನು ಕೋಡಿಗೆ ಸೇರಿಸುವ ಪ್ರೀಪ್ರೊಸೆಸರ್ ಪ್ರತಿ ಸಲ ಓಡುತ್ತದೆ. ಸ್ವಲ್ಪ ನಿಧಾನ, ಆದರೆ ಈ ತೊಂದರೆ ಇಲ್ಲ.

ಮೂರನೆಯದು ನಾವೇ ಮಾಡಿಕೊಳ್ಳುವುದು. ಸ್ಲಾಪಿನೆಸ್ ಅಂತ ಒಂದು ಸೆಟ್ಟಿಂಗ್ ಇದೆ. ಉದಾಸೀನ ಅಂತ ಹೆಸರಲ್ಲೇ ಹೇಳಿಬಿಟ್ಟಿದ್ದಾರೆ. ಹಿಟ್, ಅಂದರೆ ಕ್ಯಾಶ್‌ನಲ್ಲೇ ಸಿಗುವುದು, ಜಾಸ್ತಿ ಆಗಲಿ ಅಂತ ಎಲ್ಲಿಂದಲೋ ಉದ್ದದ ಸಾಲೊಂದನ್ನು ತಂದು ಅಂಟಿಸುತ್ತಾರೆ. ಅದರಲ್ಲಿ ಕಂಪೈಲ್ ಆದ ದಿನ, ಸಮಯ ತುಂಬುವ ಟೈಮ್ ಮ್ಯಾಕ್ರೋಗಳನ್ನು ಕಡೆಗಣಿಸು ಅಂತ ಇದ್ದರೆ ನಿಮ್ಮ ಪ್ರೋಗ್ರಾಂ ತೋರಿಸುವ ಬಿಲ್ಡ್ ದಿನಾಂಕ ಯಾವತ್ತೋ ಒಂದು ದಿನದ್ದಾಗಿರುತ್ತದೆ. ಒಂದೊಂದು ಪದದ ಅರ್ಥ ತಿಳಿದು ಹಾಕಿ, ಇಲ್ಲದಿದ್ದರೆ ಖಾಲಿ ಬಿಡಿ.

ಜಾಗದ ಲೆಕ್ಕವನ್ನೂ ನೋಡಿಕೊಳ್ಳಿ. ಸಿಕ್ಯಾಶ್ ತಾನಾಗಿ 5 ಜಿಬಿವರೆಗೆ ಬೆಳೆಯುತ್ತದೆ. ಗಿಟ್‌ಹಬ್ ಒಂದು ರೆಪೊಸಿಟರಿಗೆ ಉಚಿತವಾಗಿ ಕೊಡುವುದು 10 ಜಿಬಿ. ನಾಲ್ಕು ಜಾಬ್‌ಗಳು ಬೇರೆ ಬೇರೆ ಕೀಯಲ್ಲಿ ತಮ್ಮ ತಮ್ಮ ಗಂಟು ಉಳಿಸುತ್ತಾ ಹೋದರೆ ಒಂದರ ಗಂಟನ್ನು ಇನ್ನೊಂದು ಹೊರಗೆ ತಳ್ಳುತ್ತದೆ. ಮಿತಿಯನ್ನು ಇಳಿಸಿ, ಪ್ರತಿ ಬಿಲ್ಡ್ ಕೊನೆಯಲ್ಲಿ ಅಂಕಿಅಂಶ ಪ್ರಿಂಟ್ ಮಾಡಿಸಿ. ಹಿಟ್ ಎಷ್ಟು ಅಂತ ಕಣ್ಣಿಗೆ ಬೀಳುತ್ತಿರಬೇಕು. ಹಿಟ್ ಸೊನ್ನೆ ಬಂದರೆ ಹೆಚ್ಚಾಗಿ ಫೋಲ್ಡರ್‌ನ ಪೂರ್ತಿ ದಾರಿ ಪ್ರತಿ ಸಲ ಬದಲಾಗುತ್ತಿರುತ್ತದೆ. ಬೇಸ್ ಡಿರ್ ಸೆಟ್ಟಿಂಗ್ ಇರುವುದು ಅದಕ್ಕೇ.

ಎಸ್‌ಸಿಕ್ಯಾಶ್: ಊರಿಗೆಲ್ಲ ಒಂದೇ ಕಣಜ

ಮೊಜಿಲ್ಲಾದವರು ಮಾಡಿದ್ದು, ಬರೆದಿರುವುದು ರಸ್ಟ್‌ನಲ್ಲಿ. ಸಿ, ಸಿ++ ಜೊತೆ ರಸ್ಟ್ ಅನ್ನೂ ಕ್ಯಾಶ್ ಮಾಡುತ್ತದೆ. ಒಂದೊಂದು ಜಾಬ್ ಗಂಟು ಕಟ್ಟಿ ಬಿಚ್ಚುವ ಬದಲು ಎಲ್ಲ ರನ್ನರ್‌ಗಳೂ ಒಂದೇ ಕಣಜದಿಂದ ಬೇಕಾದಷ್ಟೇ ತೆಗೆದುಕೊಳ್ಳುತ್ತವೆ. ಅಮೆಜಾನ್‌ನ ಎಸ್3 ಬಕೆಟ್, ರೆಡಿಸ್ ಡೇಟಾಬೇಸ್, ಗಿಟ್‌ಹಬ್‌ನದೇ ಕ್ಯಾಶ್, ಹೀಗೆ ಹಲವು ಕಡೆ ಇಡಬಹುದು. ಹೀಗೆ ದೂರದಲ್ಲಿ ಇಡುವುದು ಸಿಕ್ಯಾಶ್‌ಗೂ 4ನೇ ಸರಣಿಯಿಂದ ಬರುತ್ತದೆ. ಆದ್ದರಿಂದ ಬರೀ ಸಿ++ ಇದ್ದು ಅದಕ್ಕೋಸ್ಕರ ಎಸ್‌ಸಿಕ್ಯಾಶ್‌ಗೆ ಹಾರಬೇಕಿಲ್ಲ. ರಸ್ಟ್ ಇದ್ದರೆ ಮಾತ್ರ ಹಾರಿ.

ರಸ್ಟ್ ಇದ್ದವರು ಎರಡು ವಿಷಯ ತಿಳಿದಿರಿ. ಬದಲಾದ ಭಾಗವನ್ನು ಮಾತ್ರ ಮತ್ತೆ ಮಾಡುವ ಇನ್‌ಕ್ರಿಮೆಂಟಲ್ ಕಂಪೈಲ್ ಆನ್ ಇದ್ದರೆ ಎಸ್‌ಸಿಕ್ಯಾಶ್ ಕ್ಯಾಶ್ ಮಾಡುವುದೇ ಇಲ್ಲ, ಸಿಐನಲ್ಲಿ ಅದನ್ನು ಆಫ್ ಮಾಡಿ. ಹೇಗಿದ್ದರೂ ಸಿಐನಲ್ಲಿ ಇನ್‌ಕ್ರಿಮೆಂಟಲ್‌ನಿಂದ ಲಾಭ ಕಡಿಮೆ. 2021ರ ಮೇನಲ್ಲಿ ರಸ್ಟ್ ತಂಡದವರೇ 1.52.1 ಅನ್ನು ಬಿಡುಗಡೆ ಮಾಡಿ ಇನ್‌ಕ್ರಿಮೆಂಟಲ್ ಅನ್ನು ತಾತ್ಕಾಲಿಕವಾಗಿ ನಿಲ್ಲಿಸಿದ್ದರು. ಹಳೆಯ ಕಂಪೈಲ್‌ನ ಫಲಿತಾಂಶವನ್ನು ತಪ್ಪಾಗಿ ಮರುಬಳಕೆ ಮಾಡುವ ಬಗ್‌ಗಳು ಬಯಲಾಗಿದ್ದವು. ಕಂಪೈಲರ್ ಬರೆದವರಿಗೇ ಹಳಸಿದ್ದು ಗೊತ್ತಾಗಲಿಲ್ಲ ಅಂದರೆ ನಮ್ಮ ಪಾಡೇನು! ಎರಡನೆಯದು, ಕೋಡ್ ಬರೆದುಕೊಡುವ ಪ್ರೊಸೀಜರಲ್ ಮ್ಯಾಕ್ರೋಗಳು ಕಂಪೈಲ್ ಸಮಯದಲ್ಲಿ ತಾವೇ ಫೈಲ್ ಓದಿದರೆ ಅದು ಎಸ್‌ಸಿಕ್ಯಾಶ್‌ಗೆ ಕಾಣುವುದಿಲ್ಲ. ಎಸ್‌ಕ್ಯೂಎಲ್ ಫೈಲ್ ಬದಲಿಸಿದಿರಿ, ಮ್ಯಾಕ್ರೋ ಅದನ್ನು ಓದುತ್ತದೆ, ಕ್ಯಾಶ್ ಮಾತ್ರ ಹಳೆಯದನ್ನೇ ಕೊಡಬಹುದು.

ಬಕೆಟ್ ಎಲ್ಲಿರಬೇಕು? ನಮ್ಮಲ್ಲಿ ಎಲ್ಲರೂ ಮುಂಬೈ ಅಂದರು, ಮೈಸೂರಿಗೆ ಹತ್ತಿರ ಅಂತ. ಕ್ಯಾಶ್ ಓದುವುದು ನೀವಲ್ಲ, ರನ್ನರ್. ರನ್ನರ್ ಹೊರದೇಶದಲ್ಲಿ ಇದ್ದರೆ ಬಕೆಟ್ ಕೂಡ ಅಲ್ಲೇ ಪಕ್ಕದಲ್ಲಿ ಇರಬೇಕು. ಇಲ್ಲದಿದ್ದರೆ ಒಂದೊಂದು ಪುಟ್ಟ ಆಬ್ಜೆಕ್ಟ್‌ಗೂ ಸಮುದ್ರ ದಾಟಬೇಕು, ಕಂಪೈಲ್ ಮಾಡುವುದೇ ಬೇಗ ಆಗುತ್ತದೆ.

ಬೇಜಲ್: ಮನೆ ಕೆಡವಿ ಕಟ್ಟುವವರಿಗೆ

ಗೂಗಲ್ 2015ರಲ್ಲಿ ಓಪನ್ ಸೋರ್ಸ್ ಮಾಡಿದ ಬಿಲ್ಡ್ ಸಿಸ್ಟಂ ಇದು. ಪ್ರತಿ ಹೆಜ್ಜೆಯ ಒಳಹರಿವು ಏನು ಅಂತ ಮೊದಲೇ ಬರೆದುಕೊಡಬೇಕು. ಬರೆಯದ ಪ್ರಾಜೆಕ್ಟ್ ಫೈಲ್ ಸ್ಯಾಂಡ್‌ಬಾಕ್ಸ್ (ಬಿಲ್ಡ್ ನಡೆಯುವ ಬೇಲಿಯ ಜಾಗ) ಒಳಗೆ ಸಿಗುವುದೇ ಇಲ್ಲ. ಹಾಗಾಗಿ ಕ್ಯಾಶ್‌ನ ಮೇಲೆ ನಂಬಿಕೆ ಇಡಬಹುದು. ಆದರೂ ಒಂದು ಕಿಂಡಿ ಇದೆ. ಮೆಷಿನ್ನಿನಲ್ಲಿ ಇರುವ ಮಾಮೂಲಿ ಜಿಸಿಸಿಯನ್ನೇ ಬಳಸಿದರೆ ಅದು ವರ್ಕ್‌ಸ್ಪೇಸ್‌ನ ಹೊರಗಿನದು, ಅದರ ಒಳಗೆ ಏನು ಬದಲಾಯಿತು ಅಂತ ಬೇಜಲ್ ನೋಡುವುದಿಲ್ಲ. ಅವರ ದಾಖಲೆಯಲ್ಲೇ ಈ ಎಚ್ಚರಿಕೆ ಇದೆ. ಕಂಪೈಲರ್ ಅನ್ನೂ ಪ್ರಾಜೆಕ್ಟಿನ ಒಳಗೆ ತಂದರೆ ಕಿಂಡಿ ಮುಚ್ಚುತ್ತದೆ. ಹತ್ತು ಜನರ ಆಫೀಸಿಗೆ ಇದು ಬೇಡ. ಇರುವ ಬಿಲ್ಡ್ ಅನ್ನೆಲ್ಲ ಹೊಸದಾಗಿ ಬರೆಯಬೇಕು, ಆಮೇಲೆ ಅದನ್ನು ನೋಡಿಕೊಳ್ಳಲು ಒಬ್ಬರು ಬೇಕು.

ಗೋ ಭಾಷೆಯವರು ಇದನ್ನೆಲ್ಲ ಓದುವ ಅಗತ್ಯವೇ ಇಲ್ಲ. 1.10ರಿಂದ ಕಂಪೈಲರ್ ಜೊತೆಯಲ್ಲೇ ಒಳ್ಳೆಯ ಕ್ಯಾಶ್ ಬರುತ್ತದೆ. ಸಿಗೋ ಬಳಸಿ ಸಿ ಲೈಬ್ರರಿ ಸೇರಿಸಿಕೊಂಡಿದ್ದರೆ ಮಾತ್ರ ಹುಷಾರು. ಸಿಸ್ಟಂನ ಸಿ ಲೈಬ್ರರಿ ಬದಲಾಗಿದ್ದು ಅದಕ್ಕೆ ತಿಳಿಯುವುದಿಲ್ಲ. ಕ್ಯಾಶ್ ಅನ್ನು ನೀವೇ ತೆಗೆಯಬೇಕು.

ಟೇಬಲ್ ಕೆಳಗಿನ ಮೆಷಿನ್

ಮೈಸೂರಿನ ಸಣ್ಣ ಆಫೀಸುಗಳಲ್ಲಿ ಇದು ಜಾಸ್ತಿ. ಹಳೆಯ ಡೆಸ್ಕ್‌ಟಾಪ್ ಒಂದನ್ನು ರನ್ನರ್ ಮಾಡಿ ಮೂಲೆಯಲ್ಲಿ ಇಟ್ಟಿರುತ್ತಾರೆ. ಫೋಲ್ಡರ್ ಅಳಿಸುವುದೇ ಇಲ್ಲ, ಹಾಗಾಗಿ ಬಿಲ್ಡ್ ಕಣ್ಣು ಮಿಟುಕಿಸುವುದರಲ್ಲಿ ಮುಗಿಯುತ್ತದೆ. ದುಡ್ಡೂ ಇಲ್ಲ, ಡೌನ್‌ಲೋಡೂ ಇಲ್ಲ. ನನಗೂ ಇದರ ಮೇಲೆ ಪ್ರೀತಿ ಇದೆ, ಸುಳ್ಳು ಹೇಳಲ್ಲ.

ಆದರೆ ಗುಡುಗು ಬಂದರೆ ಕರೆಂಟ್ ಹೋಗುತ್ತದೆ. ಯುಪಿಎಸ್ ಬ್ಯಾಟರಿ ಸತ್ತು ಎಷ್ಟು ದಿನ ಆಯಿತೋ ಯಾರಿಗೂ ಗೊತ್ತಿರುವುದಿಲ್ಲ. ಅರ್ಧ ಬರೆದ ಆಬ್ಜೆಕ್ಟ್ ಡಿಸ್ಕ್‌ನಲ್ಲಿ ಹಾಗೇ ಉಳಿಯುತ್ತದೆ, ಕೆಲವೊಮ್ಮೆ ಸೊನ್ನೆ ಬೈಟ್‌ನ ಫೈಲ್. ಟೈಮ್‌ಸ್ಟಾಂಪ್ ಮಾತ್ರ ಹೊಸದು. ಗಡಿಯಾರ ನೋಡುವ ಮೇಕ್‌ಗೆ ಅದು ತಾಜಾ ಆಬ್ಜೆಕ್ಟ್. ಬೆಳಿಗ್ಗೆ ಲಿಂಕರ್ ಫೈಲ್ ಅರ್ಧಕ್ಕೆ ತುಂಡಾಗಿದೆ ಅಂತ ಬೈಯುತ್ತದೆ. ಸಿಕ್ಯಾಶ್ ಇಂಥ ಕಡೆ ಜಾಣ. ಮೊದಲು ತಾತ್ಕಾಲಿಕ ಫೈಲಿಗೆ ಬರೆದು ಆಮೇಲೆ ಹೆಸರು ಬದಲಿಸುತ್ತದೆ. ಹಾಗಾಗಿ ಈ ಮೆಷಿನ್ನಿಗೆ ನನ್ನ ಸಲಹೆ ಇದು. ಬಿಲ್ಡ್ ಫೋಲ್ಡರ್ ಅನ್ನು ಪ್ರತಿ ಸಲ ಅಳಿಸಿ, ಸಿಕ್ಯಾಶ್ ಅನ್ನು ಮಾತ್ರ ಡಿಸ್ಕ್‌ನಲ್ಲಿ ಬಿಡಿ. ವೇಗ ಸ್ವಲ್ಪ ಇಳಿಯುತ್ತದೆ, ಗೋಳು ಬಹಳ ಇಳಿಯುತ್ತದೆ.

ಇನ್ನು ಕ್ಯಾಶ್ ಬೇಡವೇ ಬೇಡ ಅನ್ನುವುದೂ ಒಂದು ಆಯ್ಕೆ. ಇದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಪೂರ್ತಿ ಬಿಲ್ಡ್ ಒಂದು ಕಾಫಿ ಕುಡಿಯುವಷ್ಟರಲ್ಲಿ ಮುಗಿಯುತ್ತದೆ ಅಂದರೆ ಕ್ಯಾಶ್ ಯಾಕೆ? ಗಂಟು ಇಳಿಸಿ, ಬಿಚ್ಚಿ, ಮತ್ತೆ ಕಟ್ಟಿ ಏರಿಸುವುದಕ್ಕೇ ಅರ್ಧ ಕಾಫಿ ಸಮಯ ಹೋಗಿರುತ್ತದೆ. ಮೊದಲು ಅಳೆಯಿರಿ. ರಿಲೀಸ್ ಬಿಲ್ಡ್‌ಗಂತೂ ಯಾವ ಕ್ಯಾಶೂ ಬೇಡ. ಅದು ಅಪರೂಪಕ್ಕೆ ಓಡುವುದು, ತಡವಾದರೆ ಆಗಲಿ. ಅದರಲ್ಲಿ ನನಗೆ ರಾಜಿ ಇಲ್ಲ.

ಯಾರಿಗೆ ಬರೆಯುವ ಹಕ್ಕು

ಯಾವ ಟೂಲ್ ಆರಿಸಿದರೂ ಕ್ಯಾಶ್‌ಗೆ ಬರೆಯುವ ಕೈಗಳು ಕಡಿಮೆ ಇರಲಿ. ಮುಖ್ಯ ಬ್ರಾಂಚ್‌ನ ಜಾಬ್ ಬರೆಯಲಿ, ಉಳಿದವು ಓದಲಿ. ಗಿಟ್‌ಹಬ್‌ನಲ್ಲಿ ಒಂದು ಬ್ರಾಂಚ್ ತನ್ನ ಕ್ಯಾಶ್, ಡಿಫಾಲ್ಟ್ ಬ್ರಾಂಚ್‌ನ ಕ್ಯಾಶ್, ಪುಲ್ ರಿಕ್ವೆಸ್ಟ್ (ನನ್ನ ಬದಲಾವಣೆ ಸೇರಿಸಿಕೊಳ್ಳಿ ಅನ್ನುವ ಕೋರಿಕೆ) ಆದರೆ ಅದು ಸೇರಬೇಕಾದ ಬ್ರಾಂಚ್‌ನ ಕ್ಯಾಶ್ ಮಾತ್ರ ಓದಬಲ್ಲದು, ಅಷ್ಟು ಬೇಲಿ ಅವರೇ ಹಾಕಿದ್ದಾರೆ. ಗಿಟ್‌ಲ್ಯಾಬ್‌ನಲ್ಲಿ ಪಾಲಿಸಿಯನ್ನು ಪುಲ್ ಅಂತ ಇಟ್ಟರೆ ಆ ಜಾಬ್ ಓದುತ್ತದೆ, ಬರೆಯುವುದಿಲ್ಲ. ಸಿಕ್ಯಾಶ್‌ಗೂ ರೀಡ್ ಓನ್ಲಿ ಇದೆ. ಸ್ವಂತ ಬಕೆಟ್ ಇಟ್ಟವರಿಗೆ ಯಾವ ಬೇಲಿಯೂ ಇಲ್ಲ, ನೀವೇ ಹಾಕಬೇಕು. ಹೊರಗಿನವರ ಪುಲ್ ರಿಕ್ವೆಸ್ಟ್ ಓಡುವ ರೆಪೊಸಿಟರಿ ಆದರೆ ಇದು ಬರೀ ಹಳಸುವ ಪ್ರಶ್ನೆಯಲ್ಲ, ಯಾರಾದರೂ ಬೇಕೆಂದೇ ವಿಷ ಬೆರೆಸುವ ಪ್ರಶ್ನೆ.

ಬಿಲ್ಡ್ ಕೆಂಪಾದ ಬೆಳಿಗ್ಗೆ

ಮೊದಲ ಆಸೆ ಕ್ಯಾಶ್ ಅಳಿಸುವುದು. ತಡೆಯಿರಿ. ಅಳಿಸಿದರೆ ಬಿಲ್ಡ್ ಹಸಿರಾಗುತ್ತದೆ, ಸಾಕ್ಷಿಯೂ ಹೋಗುತ್ತದೆ. ಮುಂದಿನ ತಿಂಗಳು ಅದೇ ಮತ್ತೆ ಬರುತ್ತದೆ.

ಮೊದಲು ಕ್ಯಾಶ್ ಇಲ್ಲದೆ ಒಮ್ಮೆ ಓಡಿಸಿ. ಸಿಕ್ಯಾಶ್‌ನಲ್ಲಿ ಡಿಸೇಬಲ್ ಮಾಡಿದರೆ ಕ್ಯಾಶ್ ಮುಟ್ಟದೆ ಕಂಪೈಲ್ ಆಗುತ್ತದೆ. ಅದರಲ್ಲೂ ಫೇಲ್ ಆದರೆ ಕ್ಯಾಶ್ ಪಾಪ, ನಿರಪರಾಧಿ. ಕೋಡ್ ನೋಡಿ. ಪಾಸ್ ಆದರೆ ಎರಡೂ ಬಿಲ್ಡ್‌ಗಳ ಲಾಗ್ ಪಕ್ಕ ಪಕ್ಕ ಇಟ್ಟು ಮೂರು ವಿಷಯ ಹೋಲಿಸಿ: ಕಂಪೈಲರ್ ವರ್ಷನ್, ಕಂಟೇನರ್ ಇಮೇಜ್‌ನ (ಬಿಲ್ಡ್ ಓಡುವ ಸಿದ್ಧ ಪರಿಸರದ) ಡೈಜೆಸ್ಟ್ ಅಂದರೆ ಹ್ಯಾಶ್, ಕ್ಯಾಶ್ ಯಾವ ಕೀಯಿಂದ ಬಂತು. ಈ ಮೂರನ್ನೂ ಬಿಲ್ಡ್‌ನ ಮೊದಲ ಸಾಲುಗಳಲ್ಲಿ ಪ್ರಿಂಟ್ ಮಾಡಿಸಿ ಇಟ್ಟುಕೊಂಡಿದ್ದರೆ ಆ ಸೋಮವಾರ ನನ್ನ ಅರ್ಧ ದಿನ ಉಳಿಯುತ್ತಿತ್ತು. ಸಿಕ್ಯಾಶ್‌ನಲ್ಲಿ ಡಿಬಗ್ ಆನ್ ಮಾಡಿದರೆ ಹ್ಯಾಶ್‌ಗೆ ಏನೇನು ಹಾಕಿತು ಅಂತ ಫೈಲಿಗೆ ಬರೆಯುತ್ತದೆ, ಎರಡು ಓಟದ ಫೈಲ್‌ಗಳನ್ನು ಡಿಫ್ ಮಾಡಬಹುದು. ಕಾರಣ ಸಿಕ್ಕ ಮೇಲೆ ರೀಕ್ಯಾಶ್ ಆಯ್ಕೆ ಹಾಕಿ ಓಡಿಸಿ. ಹಳೆಯದನ್ನು ಓದದೆ ಹೊಸದನ್ನು ಅದರ ಜಾಗದಲ್ಲಿ ಬರೆಯುತ್ತದೆ. ಎಲ್ಲವನ್ನೂ ಗುಡಿಸಿ ಹಾಕುವ ಅಗತ್ಯ ಇಲ್ಲ.

ನಮ್ಮ ಆಫೀಸಿನಲ್ಲಿ ಈಗ ಇರುವುದು ಹೀಗೆ. ಸ್ವಂತ ಕೋಡಿಗೆ ಸಿಕ್ಯಾಶ್, ಕಂಪೈಲರ್ ಚೆಕ್ ಕಂಟೆಂಟ್‌ಗೆ. ಬೋರ್ಡಿನ ಎಸ್‌ಡಿಕೆ ಬಳಸುವ ಜಾಬ್‌ಗೆ ಮಾತ್ರ ಎಸ್‌ಡಿಕೆ ವರ್ಷನ್ ಸ್ಟ್ರಿಂಗ್. ಹೊರಗಿನ ಲೈಬ್ರರಿಗಳ ಗಂಟಿಗೆ ರಿಸ್ಟೋರ್ ಕೀ ತೆಗೆದು ಹಾಕಿದ್ದೇವೆ, ಪೂರ್ತಿ ಕೀ ಹೊಂದಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಆ ಕೀಯಲ್ಲಿ "ಲಿನಕ್ಸ್" ಇದ್ದ ಜಾಗದಲ್ಲಿ ಈಗ ಕಂಟೇನರ್ ಇಮೇಜ್‌ನ ಡೈಜೆಸ್ಟ್ ಇದೆ. ರಿಲೀಸ್ ಬಿಲ್ಡ್ ಕ್ಯಾಶ್ ಇಲ್ಲದೆ ಭಾನುವಾರ ರಾತ್ರಿ ಓಡುತ್ತದೆ, ಮುಕ್ಕಾಲು ಗಂಟೆ ತೆಗೆದುಕೊಳ್ಳುತ್ತದೆ. ಸೋಮವಾರ ಶ್ರೀರಂಗಪಟ್ಟಣದ ಸೇತುವೆ ಬರುವ ಹೊತ್ತಿಗೆ ಅದು ಯಾವಾಗಲೋ ಮುಗಿದಿರುತ್ತದೆ.